ರಿವರ್ಸ್ ಸಿಗದ ಕಾರು

ಪುಲ್ಪಳ್ಳಿಯಲ್ಲಿ ಗೇರ್‌ಬಾಕ್ಸ್ ರಿಪೇರಿ ಮಾಡುವವನು ನಾನು. ನಗೆಪ್ರಸಂಗಗಳನ್ನು ಹುಡುಕಿಕೊಂಡು ನಾನು ಎಲ್ಲಿಗೂ ಹೋಗಬೇಕಾಗಿಲ್ಲ. ಸೆಕೆಂಡ್ ಗೇರಿನಲ್ಲಿ ತಿಣುಕುತ್ತಾ ಅವೇ ವರ್ಕ್‌ಶಾಪಿನ ಬಾಗಿಲಿಗೆ ಬರುತ್ತವೆ.

ಚೀಲದ ಗೂಟ

ಒಬ್ಬ ಮೆಣಸಿನ ಬೆಳೆಗಾರರ ಜೀಪನ್ನು ನಾಲ್ಕು ಜನ ತಳ್ಳಿಕೊಂಡು ಬಂದರು. ಯಜಮಾನರ ಹೆಂಡತಿಯೂ ತಳ್ಳುವವರಲ್ಲಿ ಒಬ್ಬರು. ಎಂಜಿನ್ ಗರ್ಜಿಸುತ್ತೆ, ಗೇರೂ ಬೀಳುತ್ತೆ, ಜೀಪು ಮಾತ್ರ ಜಪ್ಪಯ್ಯ ಅಂದರೂ ಕದಲುತ್ತಿಲ್ಲ.

ಒಳಗೆ ಬಗ್ಗಿ ನೋಡಿದೆ. ಗೇರ್ ರಾಡಿನ ಪಕ್ಕದಲ್ಲಿರುವ ಸಣ್ಣ ರಾಡಿಗೆ ಹಲಸಿನಕಾಯಿ ತುಂಬಿದ ಚೀಲ ನೇತಾಡುತ್ತಿತ್ತು. ಅದರ ಭಾರಕ್ಕೆ ರಾಡು ಜಗ್ಗಿ ನ್ಯೂಟ್ರಲ್‌ಗೆ ಬಂದಿತ್ತು. ಚೀಲ ಇಳಿಸಿ ರಾಡನ್ನು ಸರಿಸಿದೆ. ಜೀಪು ಹೊರಟಿತು.

"ಅದು ಚೀಲ ಹಾಕೋ ಗೂಟ ಅಲ್ವಾ?" ಅಂದರು ಯಜಮಾನರು.

"ಅಲ್ಲ ಸಾರ್, ಫೋರ್‌ವೀಲ್ ರಾಡು. ಕೆಸರಲ್ಲಿ ಸಿಕ್ಕಿಕೊಂಡಾಗ ಇದನ್ನ ಎಳೆದರೆ ನಾಲ್ಕು ಚಕ್ರಾನೂ ತಿರುಗಿ ಜೀಪು ತಾನೇ ಎದ್ದು ಬರುತ್ತೆ."

ಯಜಮಾನರ ಮುಖ ಅರಳಿತು. ಹೆಂಡತಿ ಮಾತ್ರ ಸೊಂಟಕ್ಕೆ ಕೈಯಿಟ್ಟು ನಿಂತರು. "ಹನ್ನೊಂದು ಮಳೆಗಾಲ ಈ ಜೀಪನ್ನ ಕೆಸರಿಂದ ನನ್ನ ಕೈಲಿ ತಳ್ಳಿಸಿದಿರಲ್ಲ!"

ಮಾಷ್ ಪಾಲಿಸಿದ ಪಾಠ

ನಿವೃತ್ತ ಮೇಷ್ಟ್ರೊಬ್ಬರಿದ್ದರು, ಊರಿಗೆಲ್ಲ 'ಮಾಷ್'. ಅವರ ಜೀಪಿನ ಕ್ಲಚ್ ಪ್ಲೇಟು ಮೇಲಿಂದ ಮೇಲೆ ಸುಟ್ಟುಹೋಗುತ್ತಿತ್ತು. ಅವರ ಜೊತೆ ಒಂದು ಸುತ್ತು ಹೋದಾಗ ಕಾರಣ ತಿಳಿಯಿತು. ಎಡಗಾಲನ್ನು ಕ್ಲಚ್ ಮೇಲೆ ಊರಿ, ಅದನ್ನು ಅರ್ಧ ಒತ್ತಿಕೊಂಡೇ ಊರೆಲ್ಲ ಓಡಿಸುತ್ತಿದ್ದರು.

"ಮಾಷ್, ದಯವಿಟ್ಟು ಕ್ಲಚ್ ಮೇಲೆ ಕಾಲಿಡಬೇಡಿ."

"ಸರಿ" ಅಂದರು. ವಾರ ಕಳೆಯುವಷ್ಟರಲ್ಲಿ ಜೀಪು ಮತ್ತೆ ಬಂತು. ಗೇರ್‌ಬಾಕ್ಸ್ ಬಿಚ್ಚಿದರೆ ಒಳಗೆ ಗೇರಿನ ಹಲ್ಲುಗಳೆಲ್ಲ ಅವಲಕ್ಕಿ.

"ಗೇರ್ ಹಾಕುವಾಗ ಕ್ಲಚ್ ಒತ್ತಲಿಲ್ವಾ, ಮಾಷ್?"

ಅವರಿಗೆ ನಿಜವಾಗಿಯೂ ನೋವಾಯಿತು. "ಕಾಲಿಡಬೇಡಿ ಅಂದವನು ನೀನೇ ಅಲ್ವೇನೋ? ನಾನು ಒಂದು ಸಲವೂ ಇಟ್ಟಿಲ್ಲ!"

ಕಿಟಕಿಗೆ ಗೇರ್ ಹಾಕಿದ್ದು

ಕಾಫಿ ತೋಟ ಕೊಂಡು ನಮ್ಮ ಕಡೆಗೆ ಬಂದ ಒಬ್ಬರಿಗೆ ಹಳೇ ಕಾರಿನ ಹುಚ್ಚು. ಅವರು ಲಾರಿಯ ಮೇಲೆ ಒಂದು ಅಮೆರಿಕನ್ ಕಾರು ತರಿಸಿದರು. ಎರಡೇ ಬಾಗಿಲು, ಎಂಟು ಸಿಲಿಂಡರು, ದೋಣಿಯಷ್ಟು ಉದ್ದದ ಬಾನೆಟ್ಟು. ಥರ್ಡ್ ಗೇರ್ ನಿಲ್ಲದೆ ಜಾರುತ್ತಿತ್ತು. ರಿಪೇರಿ ನನ್ನ ಪಾಲಿಗೆ ಬಂತು.

ನೋಡಲು ಜನ ಸೇರಿದರು. ಕಾರು ತರಿಸಿದ ಸಾಹೇಬರು ಹೆಮ್ಮೆಯಿಂದ ವಿವರಿಸಿದರು: "ಆಗೆಲ್ಲ ಅಲ್ಲಿ ಮೂರು ಗೇರು ಬೇಕೋ, ನಾಲ್ಕು ಬೇಕೋ, ಆಟೊಮ್ಯಾಟಿಕ್ ಬೇಕೋ ಅಂತ ಗಿರಾಕಿ ಹೇಳಿದ್ದನ್ನೇ ಕಾರ್ಖಾನೆಯಲ್ಲಿ ಕೂರಿಸಿ ಕೊಡ್ತಿದ್ರು. ಇದು ಅಪರೂಪದ್ದು. ನಾಲ್ಕು ಗೇರು!"

ಚಹಾದಂಗಡಿಯ ಅಣ್ಣ ಮರುಕದಿಂದ ತಲೆಯಾಡಿಸಿದ. "ನಾಲ್ಕೇನಾ? ನಮ್ಮ ಕೋಳಿ ಪಿಕಪ್‌ಗೆ ಐದಿದೆಯಲ್ಲ, ಪಾಪ."

ರಿಪೇರಿ ಮುಗಿಸಿ ಓಡಿಸಲು ಕೂತೆ. ಆ ಕಾರಿನಲ್ಲಿ ಸ್ಟಿಯರಿಂಗ್ ಎಡಕ್ಕೆ, ಗೇರು ಬಲಕ್ಕೆ. ನನ್ನ ಎಡಗೈಗೆ ಈ ಸುದ್ದಿ ಮುಟ್ಟಿರಲಿಲ್ಲ. ಗೇರ್ ಬದಲಿಸಬೇಕಾದಾಗಲೆಲ್ಲ ಅದು ಬಾಗಿಲಿಗೆ ಹೋಗಿ ಕಿಟಕಿಯ ಹಿಡಿಯನ್ನು ತಿರುಗಿಸುತ್ತಿತ್ತು. ಒಂದು ಮೈಲಿ ಫಸ್ಟ್ ಗೇರಿನಲ್ಲೇ ಕಿರುಚುತ್ತಾ ಹೋದೆವು.

"ಮೇಸ್ತ್ರಿ, ಗೇರ್ ಬದಲಾಯಿಸಿ!" ಎಂದು ಸಾಹೇಬರು ಕೂಗಿದರು.

"ಬದಲಾಯಿಸ್ತಾನೇ ಇದ್ದೀನಿ ಸಾರ್. ಆದರೆ ಯಾಕೋ ಗಾಳಿ ಜಾಸ್ತಿ ಬರ್ತಿದೆ."

ತೋಲ್ಪೆಟ್ಟಿಯ ತಿರುವು

ಕೈಗೆ ಅಭ್ಯಾಸವಾದ ಮೇಲೆ ಒಂದು ಬೆಳಿಗ್ಗೆ ಅದೇ ಕಾರನ್ನು ತೋಲ್ಪೆಟ್ಟಿ ಕಡೆಗೆ ಬಿಟ್ಟೆವು. ಸಾಹೇಬರು ಪಕ್ಕದಲ್ಲಿ ಕೂತಿದ್ದರು. ಕಾಡಿನ ತಿರುವಿನಲ್ಲಿ ರಸ್ತೆಯ ನಡುವೆಯೇ ಒಂಟಿ ಸಲಗ ನಿಂತಿತ್ತು. ಕಿವಿ ಅಗಲಿಸಿ ನಮ್ಮನ್ನು ನೋಡಿತು.

"ರಿವರ್ಸ್!" ಅಂದರು ಸಾಹೇಬರು.

ಆ ಕಾರಿನ ರಿವರ್ಸ್ ಫಸ್ಟ್ ಗೇರಿನ ಪಕ್ಕದಲ್ಲೇ ಇದೆ. ಗೇರ್ ರಾಡಿನ ಹಿಡಿಯ ಕೆಳಗೊಂದು ಕೊಕ್ಕೆ. ಅದನ್ನು ಎರಡು ಬೆರಳಿನಿಂದ ಎತ್ತಿ ಹಾಕಿದರಷ್ಟೇ ಬೀಳುತ್ತದೆ. ಬೆವರಿದ ಬೆರಳಿಗೆ ಕೊಕ್ಕೆ ಸಿಗಲಿಲ್ಲ. ಹೇಗೋ ತಳ್ಳಿದೆ, ಬಿತ್ತು. ಕಣ್ಣು ಮುಚ್ಚಿ ಆಕ್ಸಿಲರೇಟರ್ ತುಳಿದೆ.

ಬಿದ್ದದ್ದು ಫಸ್ಟ್ ಗೇರು. ಎಂಟೂ ಸಿಲಿಂಡರು ಒಟ್ಟಿಗೆ ಅಬ್ಬರಿಸಿ ಕಾರು ನೇರ ಆನೆಯ ಕಡೆಗೇ ನೆಗೆಯಿತು. ಇಷ್ಟು ದೊಡ್ಡ ಪ್ರಾಣಿ ಇಷ್ಟು ಕೆಟ್ಟದಾಗಿ ಕೂಗುವುದನ್ನು ಆನೆಯೂ ಕೇಳಿರಲಿಲ್ಲವೇನೋ, ಬಾಲ ಎತ್ತಿಕೊಂಡು ಬಿದಿರಿನೊಳಗೆ ಓಡಿಹೋಯಿತು. ನಾನು ಗಾಬರಿಯಲ್ಲಿ ಬ್ರೇಕ್ ಒತ್ತಿದೆ. ಎಂಜಿನ್ ಆಫ್ ಆಯಿತು.

ರಸ್ತೆ ಬದಿಯ ಮರದ ಅಟ್ಟಣೆಯಿಂದ ಅರಣ್ಯ ಇಲಾಖೆಯ ವಾಚರ್ ಕೂಗಿದ: "ಚೇಟಾ, ಎಂಥಾ ಧೈರ್ಯ ನಿಂದು! ಆನೆ ಮೇಲೇ ನುಗ್ಗಿದೆಯಲ್ಲ!"

"ಧೈರ್ಯ ಅಲ್ಲಪ್ಪಾ," ಅಂದೆ, "ರಿವರ್ಸ್ ಸಿಗಲಿಲ್ಲ."

"ಸಿಗದೇ ಇದ್ದದ್ದೇ ಪುಣ್ಯ. ಒಂದ್ಸಲ ಹಿಂದೆ ನೋಡು."

ಇಬ್ಬರೂ ತಿರುಗಿದೆವು. ನಾವು ಈಗಷ್ಟೇ ದಾಟಿ ಬಂದ ಜಾಗದಲ್ಲಿ ಮೂರು ಹೆಣ್ಣಾನೆಗಳು, ನಡುವೆ ಒಂದು ಮರಿ, ನಮ್ಮ ನಂಬರ್ ಪ್ಲೇಟನ್ನೇ ಓದುತ್ತಾ ನಿಂತಿದ್ದವು.

ಸಾಹೇಬರು ನಿಧಾನವಾಗಿ ನನ್ನ ಮೊಣಕೈ ಹಿಡಿದುಕೊಂಡರು. "ಮೇಸ್ತ್ರಿ, ಇನ್ನು ರಿವರ್ಸ್ ಹುಡುಕಬೇಡಿ."