ಗೆರೆಯ ಕೆಳಗಿನ ನಾಲ್ಕು ಮಿಂಚು

ದಿನಚರಿ ಬರೆಯುವವರು ಪ್ರಾಮಾಣಿಕರೆಂದು ಜನ ನಂಬುತ್ತಾರೆ. ನನ್ನ ಅನುಭವದಲ್ಲಿ ನಾವು ತಾರೀಖಿನ ವಿಷಯದಲ್ಲಿ ಮಾತ್ರ ಪ್ರಾಮಾಣಿಕರು. ‘ಐದಕ್ಕೆ ಎದ್ದೆ’ ಎಂದು ನಾನು ಬರೆದ ದಿನಗಳಲ್ಲಿ ಐದಕ್ಕೆ ಎದ್ದದ್ದು ಅಲಾರಂ.

ನನ್ನ ಸಂಶೋಧನೆ ಕಪ್ಪು ದ್ರವ್ಯದ ಮೇಲೆ. ಬ್ರಹ್ಮಾಂಡದ ತುಂಬ ಇದ್ದರೂ ಕಣ್ಣಿಗೆ ಬೀಳದ ವಸ್ತು ಅದು. ಅದರ ಕಣಗಳು ಒಡೆದರೆ ಭಾರೀ ಶಕ್ತಿಯ ನ್ಯೂಟ್ರಿನೋಗಳು ಹೊರಡಬಹುದು. ಅವು ಭೂಮಿಗೆ ಬಂದು ಎಬ್ಬಿಸುವ ಮಿಂಚನ್ನು ದಕ್ಷಿಣ ಧ್ರುವದ ಹಿಮದಲ್ಲಿ ಹೂತಿಟ್ಟ ಉಪಕರಣಗಳು ಹಿಡಿಯುತ್ತವೆ. ನಂಜನಗೂಡಿನ ನಮ್ಮ ಊಟದ ಮೇಜಿನ ಮುಂದೆ ಕುಳಿತು ನಾನು ಅವನ್ನು ಎಣಿಸುತ್ತೇನೆ. ಇದಕ್ಕೊಂದು ಕಟ್ಟುನಿಟ್ಟಿದೆ. ಎಷ್ಟು ಶಕ್ತಿಗಿಂತ ಮೇಲಿನವನ್ನು ಎಣಿಸಬೇಕೆಂಬ ಗೆರೆಯನ್ನು ಮೊದಲೇ ಎಳೆದು, ಗೈಡ್‌ಗೆ ಕಳಿಸಿ, ಆಮೇಲಷ್ಟೇ ಅಂಕಿಗಳನ್ನು ತೆರೆಯಬೇಕು. ತೆರೆದ ಮೇಲೆ ಗೆರೆ ಅಲುಗಿಸುವಂತಿಲ್ಲ.

ಮೂರು ವರ್ಷ ದುಡಿದು ಮಾರ್ಚ್ ಹನ್ನೊಂದಕ್ಕೆ ತೆರೆಯುವ ದಿನ ಬಂತು. ‘ಮಗಳ ರಿಸಲ್ಟು’ ಎಂದು ಅಮ್ಮ ಫೋನು ಮಾಡಿದ್ದರಿಂದ ಸೋದರಮಾವ ಟಿ. ನರಸೀಪುರದಿಂದ ಮೊದಲ ಬಸ್ಸಿಗೇ ಬಂದಿದ್ದರು. ಹತ್ತೂ ಇಪ್ಪತ್ತಕ್ಕೆ ಗುಂಡಿ ಒತ್ತಿದೆ. ಕಪ್ಪು ದ್ರವ್ಯ ಇಲ್ಲದಿದ್ದರೂ ಬೇರೆ ಮೂಲಗಳಿಂದಲೇ ಒಂಬತ್ತು ಮಿಂಚು ಬರಬೇಕಿತ್ತು, ಬಂದದ್ದು ಹದಿನಾಲ್ಕು. ಆಕಸ್ಮಿಕವಾಗಿಯೂ ಅಷ್ಟು ಬರಬಹುದು, ಆದ್ದರಿಂದ ‘ಸಿಕ್ಕಿತು’ ಎನ್ನಲು ಸಾಲದು. ಆದರೆ ಗೆರೆಯ ಕೆಳಗೆ, ಕೂದಲೆಳೆಯ ಅಂತರದಲ್ಲಿ, ಇನ್ನೂ ನಾಲ್ಕು ಕುಳಿತಿದ್ದವು. ಮಾವನಿಗೆ ತೋರಿಸಿದೆ.

“ಗೆರೆ ಚೂರು ಕೆಳಿಕ್ ಎಳ್ಕೊ ಕಣವ್ವ, ಯಾರ್ ನೋಡ್ತಾರೆ?”

“ಹಂಗೆಲ್ಲ ಮಾಡಬಾರದು ಮಾವ.”

“ಯಾಕ್ ಮಾಡಬಾರ್ದು? ನಾನ್ ಮಾಡಿಲ್ವ? ಜಾತ್ಕದಲ್ಲಿ ಹದ್ನಾರೇ ಗುಣ ಕೂಡಿತ್ತು, ಹದ್ನೆಂಟು ಬೇಕಿತ್ತು. ಎಣ್ಣು ಹುಟ್ಟಿದ್ ಗಳಿಗೇನ ಹತ್ ನಿಮ್ಷ ಹಿಂದಕ್ ಹಾಕ್ಸ್ದೆ. ಹತ್ತೊಂಬತ್ತಾಯ್ತು, ಮದ್ವೇನೂ ಆಗೋಯ್ತು!”

ಅಮ್ಮ ಸೌಟು ಹಿಡಿದೇ ಅಡುಗೆಮನೆಯಿಂದ ಬಂದಳು. “ಯಾರ್ ಜಾತ್ಕಣ್ಣ ಅದು?”

ಮಾವ ಫ್ಯಾನು ನೋಡಿದರು. ಅಪ್ಪ ಓದುತ್ತಿದ್ದ ಪೇಪರನ್ನು ಮುಖದವರೆಗೂ ಏರಿಸಿದರು.

“ಅದ್ಕೇಯ!” ಎಂದಳು ಅಮ್ಮ, ಪೇಪರಿನತ್ತ ನೋಡುತ್ತ. “ಇಪ್ಪತ್ತೆಂಟ್ ವರ್ಷದಿಂದ ಯೋಚ್ನೆ ಮಾಡ್ತಿದ್ದೆ, ಎಲ್ ಎಡವಟ್ಟಾಯ್ತು ಅಂತ. ನೀನ್ ಗೆರೆ ಮುಟ್ಬ್ಯಾಡ ಕಣೆ.”

ಅಷ್ಟರಲ್ಲಿ ನಾನು ಮುಟ್ಟಿಬಿಟ್ಟಿದ್ದೆ. ಹೊಸ ಅಂಕಿ ಟೈಪಾಗಿತ್ತು, ಒತ್ತಬೇಕಾದ ಗುಂಡಿಯೊಂದು ಬಾಕಿ. ಅಳಿಸಿದೆ. ‘ಸಿಗಲಿಲ್ಲ’ ಎಂದು ಗೈಡ್‌ಗೆ ಬರೆದೆ. ಎಲ್ಲಿ ಸಿಗಲಿಲ್ಲ ಎನ್ನುವುದೂ ಒಂದು ಫಲಿತಾಂಶವೇ. ಮುಂದಿನ ವರ್ಷಗಳ ಅಂಕಿಗಳಿಗೆ ಆ ಸಂಜೆಯೇ ಗೆರೆ ಎಳೆದು ಕಳಿಸಿಯೂಬಿಟ್ಟೆ. ಇನ್ನೂ ಮೂರು ವರ್ಷ ಹಿಡಿದರೆ ಹಿಡಿಯಲಿ.

‘ತಿದ್ದಿದ ಅಂಕಿಯಿಂದ ಒಳ್ಳೆಯದೇನೂ ಹುಟ್ಟುವುದಿಲ್ಲ’ ಎಂದು ದಿನಚರಿಯಲ್ಲಿ ದಪ್ಪಕ್ಷರದಲ್ಲಿ ಬರೆದೆ. ಬರೆದ ಮೇಲೆ ಲೆಕ್ಕ ಹಾಕಿದೆ: ಆ ಹತ್ತು ನಿಮಿಷ ಹಿಂದಕ್ಕೆ ಹೋಗದಿದ್ದರೆ ನಾನೇ ಹುಟ್ಟುತ್ತಿರಲಿಲ್ಲ. ಆ ವಾಕ್ಯವನ್ನು ಹೊಡೆದುಹಾಕಿದೆ.