ಎಲ್ಲವೂ ಕಾಣುವ ಡಿಸ್ಕು

ಹೊಸ ಸಾಮಾನೊಂದು ಬಂತೆಂದರೆ ಸಾಕು, ಹಳೆಯದಕ್ಕೆ ತಿಥಿ ಮಾಡಲು ಹೊರಡುವ ಬುದ್ಧಿವಂತರು ಎಲ್ಲ ಕಾಲದಲ್ಲೂ ಇರುತ್ತಾರೆ. ಮದುವೆ ವಿಡಿಯೋ ತೆಗೆಯುವ ನಮ್ಮ ಕಸುಬಿನಲ್ಲಂತೂ ಇಂಥವರಿಗೆ ಬರವೇ ಇಲ್ಲ. ಪಾಂಡವಪುರದಲ್ಲಿ ನಾನು ಕ್ಯಾಮೆರಾ ಹಿಡಿಯುತ್ತಿದ್ದ ಸ್ಟುಡಿಯೋದ ಯಜಮಾನರು ಆ ಪೈಕಿ ಮೊದಲಿಗರು. ಬೆಂಗಳೂರಿನಲ್ಲಿ ಯಾವುದೋ ವಸ್ತುಪ್ರದರ್ಶನ ನೋಡಿ ಬಂದವರೇ, ಹೈ ಡೆಫಿನಿಷನ್ ಡಿಸ್ಕೊಂದನ್ನು ನನ್ನ ಮೂಗಿನ ಮುಂದೆ ಹಿಡಿದು, “ಇನ್ನೊಂದೊರ್ಸ ಕಣ್ಲಾ, ಡಿವಿಡಿ ಅಂದ್ರೆ ಏನು ಅಂತ ಜನ ಕೇಳ್ತಾರೆ ನೋಡ್ತಿರು” ಎಂದರು.

ಈ ಆತುರಕ್ಕೆ ಕಾರಣವೂ ಇತ್ತು. ಅವರ ಮಗಳಿಗೆ ಗಂಜಾಂನಲ್ಲಿ ಸಂಬಂಧ ಗೊತ್ತಾಗಿತ್ತು. ಗಂಡಿನ ಕಡೆಯವರು ಅನುಕೂಲಸ್ಥರು, ಮಾತಿನಲ್ಲಿ ಸ್ವಲ್ಪ ಖಾರ ಜಾಸ್ತಿ. ಅವರ ಮುಂದೆ ಯಜಮಾನರು, ಇಡೀ ಜಿಲ್ಲೆಯಲ್ಲೇ ಯಾರೂ ಕಂಡಿರದಂಥ ವಿಡಿಯೋ ಮಾಡಿಸಿ ತೋರಿಸುತ್ತೇನೆಂದು ಕೊಚ್ಚಿಕೊಂಡುಬಿಟ್ಟಿದ್ದರು. ಡಿಸ್ಕು ಕೈಕೊಟ್ಟರೆ ಇವರ ಮಾನ ಹೋಗುವುದಿರಲಿ, ಆ ಹುಡುಗಿ ಅತ್ತೆಮನೆಯಲ್ಲಿ ಜೀವನಪೂರ್ತಿ ಅದೇ ಮಾತು ಕೇಳಬೇಕಾಗಿತ್ತು.

ಏನೂ ಇಲ್ಲದ ತಟ್ಟೆ

ಹೊಸ ಡಿಸ್ಕಿನ ಮೊದಲ ಬಲಿ ಚಿನಕುರಳಿಯ ಒಬ್ಬ ಮದುಮಗ. ಮದುವೆಯ ಡಿಸ್ಕು ಇಸಿದುಕೊಂಡು ಹೋದವನು ಸಂಜೆಗೇ ಬೈಕಿನಲ್ಲಿ ವಾಪಸು ಬಂದ.

“ಏನ್ ಸಾಮಿ, ಖಾಲಿ ತಟ್ಟೆ ಕೊಟ್ಟು ಕಳ್ಸಿದ್ದೀರಿ? ನೆಂಟ್ರನ್ನೆಲ್ಲ ಕುಂಡ್ರುಸ್ಕಂಡು ಹಾಕುದ್ರೆ, ಒಳಗೆ ಡಿಸ್ಕೇ ಇಲ್ಲ ಅಂತದೆ ನಮ್ ಪ್ಲೇಯರು.”

ಅದು ಹಳೆಯ ಪ್ಲೇಯರಿನಲ್ಲಿ ಓಡುವುದಿಲ್ಲ, ಅದಕ್ಕೆಂದೇ ಬೇರೆ ಪ್ಲೇಯರು ಬೇಕು, ಟಿವಿಯೂ ಹೊಸದಾದರೆ ಒಳ್ಳೆಯದು ಎಂದು ಯಜಮಾನರು ಜ್ಞಾನದಾನ ಮಾಡಿದರು. ಆಸಾಮಿ ಎಲ್ಲವನ್ನೂ ತಾಳ್ಮೆಯಿಂದ ಕೇಳಿದ.

“ಅಷ್ಟೆಲ್ಲಾ ಪಡಿಪಾಟ್ಲು ಬೀಳೋ ಬದ್ಲು ಇನ್ನೊಂದ್ ಮದ್ವೆನೇ ಆಗ್ಬುಡ್ಬೋದು ಕಣ್ ಬುಡಿ” ಎಂದ.

ಹಿಂದಿನ ಸೀಟಿನಲ್ಲಿ ಹೆಂಡತಿ ಕೂತಿರುವುದನ್ನು ಪಾಪ ಅವನು ಮರೆತಿದ್ದ.

ಮೇಷ್ಟರ ಕಣ್ಣು

ಜನಕ್ಕೆ ತಿಳಿವಳಿಕೆ ಸಾಲದು, ನಾವೇ ಮನೆಗೆ ಹೋಗಿ ತೋರಿಸಬೇಕು ಎಂದು ಯಜಮಾನರು ತೀರ್ಮಾನಿಸಿದರು. ಪ್ಲೇಯರನ್ನು ನನ್ನ ತೊಡೆಯ ಮೇಲಿಟ್ಟು ಕೆ.ಆರ್. ಪೇಟೆ ಬಸ್ಸು ಹತ್ತಿಸಿದರು. ಅಲ್ಲಿ ನಿವೃತ್ತ ಮೇಷ್ಟರೊಬ್ಬರು ಮಗನ ಮದುವೆಗೆ ನಮ್ಮನ್ನೇ ಗೊತ್ತು ಮಾಡಿದ್ದರು. ಅವರ ಮನೆಯಲ್ಲಿದ್ದದ್ದು ಬೆನ್ನಿಗೆ ಡುಬ್ಬವಿರುವ ಹಳೆಯ ಟಿವಿ. ಅದಕ್ಕೆ ಯಾವ ಡಿಸ್ಕು ಹಾಕಿದರೂ ಒಂದೇ ಎಂದು ನಾನು ಪಿಸುಗುಟ್ಟಿದೆ. “ನೀ ಬಾಯಿ ಮುಚ್ಕಂಡ್ ಹಾಕ್ಲಾ” ಎಂದರು ಯಜಮಾನರು.

ಒಂದೇ ಮದುವೆಯನ್ನು ಎರಡೂ ಬಗೆಯ ಡಿಸ್ಕಿನಲ್ಲಿ ತಂದಿದ್ದೆವು. ಒಂದಾದ ಮೇಲೊಂದು ಹಾಕಿದೆ. ಮೇಷ್ಟರು ಕನ್ನಡಕ ಒರೆಸಿಕೊಂಡು ನೋಡಿ, “ಮೊದಲನೇದು ಮಬ್ಬು. ಎರಡನೇದು ಕನ್ನಡಿ! ವಿಜ್ಞಾನ ಎಲ್ಲಿಗೆ ಬಂತಪ್ಪಾ!” ಎಂದು ಉದ್ಗರಿಸಿದರು. ಮನೆಮಂದಿಯೆಲ್ಲ ತಲೆಯಾಡಿಸಿದರು. ಎಲ್ಲರಿಗಿಂತ ಜೋರಾಗಿ ಆಡಿಸಿದವರು ನಮ್ಮ ಯಜಮಾನರೇ.

ಎರಡನೆಯದಾಗಿ ನಾನು ಹಾಕಿದ್ದು ಡಿವಿಡಿ. ಬಸ್ಸಿನಲ್ಲಿ ಅದನ್ನು ಹೇಳಿದೆ. ಯಜಮಾನರು, “ಮೇಷ್ಟ್ರಿಗೆ ಕಣ್ಣಲ್ಲಿ ಪೊರೆ ಬಂದದೆ, ಪಾಪ” ಎಂದರು.

ಗಿಳಿಗಳ ತೀರ್ಪು

ನಾಗಮಂಗಲದ ಕಡೆ ಒಂದು ಮದುವೆ ಮುಗಿಸಿಕೊಂಡು ದೇವಲಾಪುರದ ಹಾದಿಯಲ್ಲಿ ಬರುತ್ತಿದ್ದೆವು. ಜೋಳದ ಹೊಲವೊಂದರಲ್ಲಿ ಗಿಳಿ ಹೆದರಿಸಲು ಕಡ್ಡಿಗಳಿಗೆ ಡಿಸ್ಕು ಕಟ್ಟಿದ್ದರು. ಅವುಗಳ ನಡುವೆ ನಮ್ಮ ಸ್ಟುಡಿಯೋದ ಹೊಸ ಡಿಸ್ಕು, ಮೇಲೆ ಗಂಡುಹೆಣ್ಣಿನ ಫೋಟೋ ಸಮೇತ ನೇತಾಡುತ್ತಿತ್ತು. ಯಜಮಾನರು ಸೀದಾ ಹೊಲಕ್ಕಿಳಿದರು. ಹೊಲದ ಗೌಡರನ್ನು ಕರೆದು, ಇದೇನು ಅನ್ಯಾಯ ಎಂದು ಕೇಳಿದರು.

“ಊಂ ಕಣಪ್ಪಾ, ಅನ್ಯಾಯನೇ” ಎಂದರು ಗೌಡರು. “ಅಳೇ ಡಿಸ್ಕಾದ್ರೆ ಪಳಪಳ ಅಂತದೆ, ಗಿಳಿ ಅತ್ರ ಸುಳಿಯಕಿಲ್ಲ. ನಿಮ್ದು ಕಪ್ಪುಕಪ್ಪು, ಒಳಪೇ ಇಲ್ಲ. ಅದ್ಕೇ ಫೋಟೋದಲ್ಲಿರೋ ನಮ್ ಅಳಿಯನ ಮೊಕ ಹೊಲದ ಕಡೀಕೆ ತಿರುಗ್ಸಿ ಕಟ್ಟಿವ್ನಿ. ಅದ್ಕೂ ಗಿಳಿ ಎದರ್‍ತಾ ಇಲ್ಲ.”

ಗಂಜಾಂನ ಪ್ರದರ್ಶನ

ಇಷ್ಟಾದರೂ ನಮ್ಮ ಯಜಮಾನರಿಗೆ ಬುದ್ಧಿ ಬರಲಿಲ್ಲ. ಮಗಳ ಮದುವೆಯಾಯಿತು, ಅದಾದ ಮೇಲೆ ಇವರ ಮನೆಯಲ್ಲೇ ಗಂಡಿನ ಕಡೆಯವರಿಗೆ ಬೀಗರೂಟವೂ ಆಯಿತು. ಬಾಡು, ಮುದ್ದೆ, ಬೋಟಿ ಗೊಜ್ಜು. “ಒಂದೊಂದ್ ಎಲೆ ಮೇಲೂ ನಿಧಾನಕ್ಕೆ ಕ್ಯಾಮ್ರಾ ಓಡ್ಸು. ಸಾರಿನ ಮೇಲೆ ತೇಲೋ ಎಣ್ಣೆನೂ ಕಾಣ್ಬೇಕು” ಎಂದು ನನಗೆ ಅಪ್ಪಣೆಯಾಯಿತು. ನಾನು ಹಾಗೇ ಮಾಡಿದೆ.

ಗಂಜಾಂನಲ್ಲಿ ಬೀಗರು ಗೋಡೆಯಷ್ಟಗಲದ ಹೊಸ ಟಿವಿ ತಂದಿದ್ದರು. ಡಿಸ್ಕು ಮೊದಲ ಸಲ ಸೊಗಸಾಗಿ ಓಡಿತು. ಧಾರೆಯ ಹೊತ್ತಿನ ಒಂದೊಂದು ಅಕ್ಷತೆಕಾಳೂ ಎದ್ದು ಕಂಡಿತು. ಬೀಗಿತ್ತಿ ಬಾಯಿ ಬಿಟ್ಟುಕೊಂಡು ನೋಡಿದರು, ಹುಡುಗಿಯ ಮುಖ ಅರಳಿತು. “ನೋಡ್ತಾ ಇರಿ ಬೀಗ್ರೆ, ಇದ್ರಲ್ಲಿ ಯಾವ್ದನ್ನೂ ಮುಚ್ಚಿಡಕಾಗಲ್ಲ” ಎಂದು ಯಜಮಾನರು ಕಾಲ ಮೇಲೆ ಕಾಲು ಹಾಕಿದರು. ಆಗ ಬೀಗರೂಟ ಬಂತು.

“ನಿಲ್ಸಿ ಅದ್ನ” ಎಂದರು ಗಂಡಿನ ದೊಡ್ಡಪ್ಪ. “ಅದು ನನ್ನೆಲೆ ಅಲ್ವಾ?”

ನಿಲ್ಲಿಸಿದೆ. ಎಲೆಗೆ ಬಡಿಸಿದ್ದು ಬರೀ ಮೂಳೆ. ಪಕ್ಕದಲ್ಲಿ ನಮ್ಮ ಯಜಮಾನರ ಬಾಮೈದನ ಎಲೆ. ಅದರಲ್ಲಿ ಮೆತ್ತನೆಯ ತುಂಡುಗಳ ಗುಡ್ಡೆ, ಮೇಲೆ ಈಲಿ, ಅಂದರೆ ಲಿವರು.

“ಅದು ನೆರಳು ಬಿದ್ದು ಅಂಗೆ ಕಾಣ್ತದೆ” ಎಂದರು ಯಜಮಾನರು.

“ಯಾವ್ದನ್ನೂ ಮುಚ್ಚಿಡಕಾಗಲ್ಲ ಅಂತ ಈಗ್ತಾನೆ ನೀವೇ ಅಂದ್ರಲ್ಲಾ!”

ಆಮೇಲೆ ಶುರುವಾಯಿತು ನೋಡಿ. ನಂದು ತೋರ್ಸಿ, ನಂದು ತೋರ್ಸಿ ಎಂದು ಗಂಡಿನ ಕಡೆಯವರೆಲ್ಲ ಎದ್ದು ನಿಂತರು. ಹಳೆಯ ವಿಡಿಯೋದಲ್ಲಿ ಎಲೆಯೆಂದರೆ ಹಸಿರು, ಊಟವೆಂದರೆ ಕಂದು, ಅಷ್ಟೇ. ಇದರಲ್ಲಿ ಯಾರ ಎಲೆಗೆ ಮೂಳೆ, ಯಾರ ಎಲೆಗೆ ತುಂಡು ಎಂಬುದು ನ್ಯಾಯಾಲಯದಲ್ಲಿ ಹಾಜರುಪಡಿಸಿದಂತೆ ಕಂಡಿತು. ಬಾಗಿಲಲ್ಲಿ ನಿಂತಿದ್ದ ಹುಡುಗಿಯ ಕಣ್ಣು ತುಂಬಿತು. “ಅಪ್ಪಾ, ಆರ್ಸಿಬುಡಿ ಅದ್ನ” ಎಂದಳು. ಅವಳ ಮುಖ ನೋಡಲಾಗದೆ ಯಜಮಾನರು ಅಲ್ಲೇ ಕೈಮುಗಿದು, ಇನ್ನೊಂದು ಬೀಗರೂಟ ಹಾಕಿಸುತ್ತೇನೆಂದು ಒಪ್ಪಿಕೊಂಡರು.

ಎರಡನೆಯ ಊಟದಲ್ಲಿ ನಮ್ಮ ಕಡೆಯವರು ಹೆದರಿಹೋಗಿದ್ದರು. ಬಡಿಸಲು ಬಂದವರೆಲ್ಲ ದೊಡ್ಡಪ್ಪನ ಎಲೆಗೇ ತುಂಡು ಸುರಿದರು, ಅವರೂ ಬೇಡವೆನ್ನಲಿಲ್ಲ. ಅವರ ಸ್ವಂತ ತಮ್ಮಂದಿರು ಆಚೀಚೆ ಬರೀ ಸಾರಿನಲ್ಲಿ ಮುದ್ದೆ ಅದ್ದಿಕೊಂಡು ಅಣ್ಣನ ಎಲೆಯನ್ನೇ ನೋಡುತ್ತಿದ್ದರು. ನಾನು ಕ್ಯಾಮೆರಾ ಹಿಡಿದು ಹತ್ತಿರ ಹೋದೆ. ದೊಡ್ಡಪ್ಪ ಬಾಯಲ್ಲಿದ್ದ ತುಂಡನ್ನು ಗಬಕ್ಕನೆ ನುಂಗಿ, ಎರಡೂ ಕೈಯಿಂದ ಎಲೆ ಮುಚ್ಚಿಕೊಂಡರು.

“ಲೇ ಲೇ, ಅದ್ನ್ಯಾಕ್ಲಾ ಇತ್ತಗೆ ತತ್ತೀಯಾ? ಮೊದ್ಲು ಎಲ್ಲಾ ಮಬ್ಬುಮಬ್ಬಾಗಿ ಬತ್ತಿತ್ತಲ್ಲ, ಆ ಅಳೇ ಕ್ಯಾಮ್ರಾ ಇಲ್ವೇನ್ಲಾ ನಿಮ್ತಾವ?”