ಅಮ್ಮನಿಗೆ ಮಾತ್ರ ಕಾಣಿಸಿದ ಬಟನ್ನು

ಹೆತ್ತ ತಾಯಿಯನ್ನು ಬಿ ಗುಂಪಿನಿಂದ ಎ ಗುಂಪಿಗೆ ವರ್ಗ ಮಾಡಿದ ಮಹಾನುಭಾವ ಈ ಭೂಮಂಡಲದ ಮೇಲೆ ಇನ್ನೊಬ್ಬನಿದ್ದರೆ ಅವನ ವಿಳಾಸ ಬೇಕಾಗಿದೆ. ಅರ್ಧರಾಯರು ಅವನನ್ನು ತಬ್ಬಿಕೊಂಡು ಎರಡು ಹನಿ ಕಣ್ಣೀರು ಹಾಕಲು ಸಿದ್ಧರಿದ್ದಾರೆ.

ಅರ್ಧರಾಯ ಎನ್ನುವುದು ಹೆಂಡತಿ ಇಟ್ಟ ಹೆಸರು. ಅವರು ಕೆಲಸ ಮಾಡುವುದು ಮನೆಸಾಮಾನು ತಂದುಕೊಡುವ ಒಂದು ಆ್ಯಪ್ ಕಂಪನಿಯಲ್ಲಿ. ಆ್ಯಪಿಗೆ ಹೊಸದೇನಾದರೂ ಸೇರಿಸುವ ಮೊದಲು ಗಿರಾಕಿಗಳನ್ನು ಎರಡು ಪಾಲು ಮಾಡಿ, ಅರ್ಧ ಜನಕ್ಕೆ ಹಳೆಯದನ್ನೇ ಬಿಟ್ಟು, ಇನ್ನರ್ಧ ಜನಕ್ಕೆ ಹೊಸದನ್ನು ತೋರಿಸಿ, ಯಾರಿಗೆ ಹೆಚ್ಚು ಸಲೀಸಾಯಿತು ಎಂದು ನೋಡುವುದು ಅವರ ಉದ್ಯೋಗ. ಹಳೆಯದು ಕಂಡವರು ಎ ಗುಂಪು, ಹೊಸದು ಕಂಡವರು ಬಿ ಗುಂಪು. ಯಾರು ಯಾವ ಗುಂಪಿಗೆ ಎನ್ನುವುದನ್ನು ಯಂತ್ರವೇ ಚೀಟಿ ಎತ್ತಿದ ಹಾಗೆ ಎತ್ತಿ ಹಾಕುತ್ತದೆ. ಗಿರಾಕಿಗೆ ಮಾತ್ರ ಈ ವಿಷಯದ ಸುಳಿವು ಸಿಗಬಾರದು. ಸಿಕ್ಕರೆ ಅವರು ಸಹಜವಾಗಿ ನಡೆದುಕೊಳ್ಳುವುದಿಲ್ಲ, ಪ್ರಯೋಗ ಹಳ್ಳ ಹಿಡಿಯುತ್ತದೆ. (ಫೋಟೋ ತೆಗೀತೀನಿ ಅಂದ ತಕ್ಷಣ ಎಲ್ಲರೂ ಹೊಟ್ಟೆ ಒಳಗೆಳೆದುಕೊಳ್ಳುವುದಿಲ್ಲವೇ, ಹಾಗೆ.)

ಈ ಸಲದ ಪ್ರಯೋಗ ಮಾತ್ರ ಅರ್ಧರಾಯರ ಸ್ವಂತ ಕೂಸು. ಅಮ್ಮ ಪ್ರತಿ ವಾರ ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿಕೊಂಡು, ಅದೇ ಈರುಳ್ಳಿ, ಅದೇ ಸೋಪು, ಅದೇ ಚಹಾಪುಡಿಯನ್ನು ಒಂದೊಂದಾಗಿ ಹುಡುಕಿ ಒತ್ತುವುದನ್ನು ನೋಡಿ ಅವರಿಗೆ ಹೊಳೆದದ್ದು. ಕೆಳಗೊಂದು ಕಿತ್ತಳೆ ಬಣ್ಣದ ಬಟನ್ನು. ಅದರ ಮೇಲೆ 'ಮತ್ತೆ ಅದೇ' ಎಂಬ ಎರಡು ಪದ. ಒಂದು ಸಲ ಒತ್ತಿದರೆ ಹೋದ ವಾರದ ಸಾಮಾನೆಲ್ಲ ಮತ್ತೆ ಬಂದು ಬಾಗಿಲಲ್ಲಿ ಕೂರುತ್ತದೆ. ಇಷ್ಟು ಚೆನ್ನಾದದ್ದು ತನ್ನ ತಲೆಯಿಂದ ಹೊರಟಿತಲ್ಲ ಎಂದು ಅರ್ಧರಾಯರು ಒಂದು ವಾರ ನಡೆಯುವಾಗಲೂ ಸ್ವಲ್ಪ ಎತ್ತರವಾಗಿಯೇ ನಡೆದರು.

ಯಂತ್ರಕ್ಕೆ ಮನೆಯ ಪರಿಸ್ಥಿತಿ ಏನು ಗೊತ್ತು? ಅದು ಅಮ್ಮನನ್ನು ಬಿ ಗುಂಪಿಗೆ ಹಾಕಿತು, ಹೆಂಡತಿಯನ್ನು ಎ ಗುಂಪಿಗೆ ಹಾಕಿತು.

"ಏನಮ್ಮಾ, ಇನ್ನೂ ಒಂದೊಂದೇ ಹುಡುಕ್ತಾ ಕೂತಿದ್ದೀಯಲ್ಲ," ಎಂದರು ಅಮ್ಮ ಸೊಸೆಗೆ ಒಂದು ಬೆಳಿಗ್ಗೆ, ಚಹಾ ಹೀರುತ್ತಾ. "ಕೆಳಗೆ ಕಿತ್ತಳೆ ಬಟನ್ನಿದೆ. ಒತ್ತು, ಮುಗೀತು."

ಹೆಂಡತಿ ಹಲ್ಲಿನ ಡಾಕ್ಟರು. ದಿನವಿಡೀ ಜನರ ಬಾಯೊಳಗೆ ಇಣುಕಿ ಇಣುಕಿ, ಕಣ್ಣಿಗೆ ಕಂಡದ್ದನ್ನು ಮಾತ್ರ ನಂಬುವ ಸ್ವಭಾವ ಬಂದುಬಿಟ್ಟಿದೆ. ಅವಳು ಮೊಬೈಲನ್ನು ಮೇಲಿಂದ ಕೆಳಗೆ ಎಳೆದು ನೋಡಿದಳು.

"ಎಲ್ಲಿದೆ ಅತ್ತೆ? ಯಾವ ಬಟನ್ನೂ ಇಲ್ಲ."

"ಇದೆ ಕಣೆ. ನೀನು ಸರಿಯಾಗಿ ನೋಡ್ತಿಲ್ಲ."

"ನಾನು ದವಡೆ ಹಲ್ಲಿನ ಹಿಂದಿರೋ ತೂತು ಕಂಡುಹಿಡಿಯೋಳು. ಇಷ್ಟು ದೊಡ್ಡ ಬಟನ್ನು ಕಾಣಲ್ವಾ?"

"ನಾನು ಟೆಲಿಫೋನ್ ಎಕ್ಸ್‌ಚೇಂಜಲ್ಲಿ ಕೂತು ಇಡೀ ಊರಿನ ನಂಬರು ಬಾಯಲ್ಲಿ ಇಟ್ಕೊಂಡಿದ್ದೋಳು. ನಿನ್ನೆ ಒತ್ತಿದ ಬಟನ್ನು ಮರೆತುಬಿಡ್ತೀನಾ?"

"ನನಗೆ ಕ್ಲಿನಿಕ್ಕಿಗೆ ಹೊತ್ತಾಯ್ತು. ಸಂಜೆ ನಿಮ್ಮ ಫೋನಲ್ಲೇ ತೋರಿಸಿ."

"ಸಂಜೆ ನಿನ್ನ ಕಣ್ಣಿಗೆ ಹಿಡಿದು ತೋರಿಸ್ತೀನಿ, ಬಾ."

ಅರ್ಧರಾಯರು ಬ್ರೆಡ್ಡಿನ ಚೂರನ್ನು ಬಾಯಲ್ಲಿಟ್ಟುಕೊಂಡು ಕೂತಲ್ಲೇ ಕಲ್ಲಾದರು. ಬಾಯಿ ಬಿಟ್ಟರೆ ಪ್ರಯೋಗದ ನಿಯಮಭಂಗ. ಬಿಡದಿದ್ದರೆ ಸಂಜೆ ಎರಡು ಫೋನು ಅಕ್ಕಪಕ್ಕ ಬರುತ್ತವೆ, ಅಮ್ಮನಿಗೆ ಹೊಸದು, ಹೆಂಡತಿಗೆ ಹಳೆಯದು ಎಂಬ ಘೋರ ಸತ್ಯ ಬಯಲಾಗುತ್ತದೆ. ಆಮೇಲೆ ಆ ಮನೆಯಲ್ಲಿ ತಮ್ಮನ್ನು ಯಾವ ಗುಂಪಿಗೆ ಹಾಕುತ್ತಾರೋ!

ಆಫೀಸಿನಲ್ಲಿ ಕೂತು ಅವರು ಒಂದು ಉಪಾಯ ಮಾಡಿದರು. ಇಬ್ಬರೂ ಒಂದೇ ಗುಂಪಿನಲ್ಲಿದ್ದರೆ ಜಗಳವೇ ಇಲ್ಲವಲ್ಲ! ಹೆಂಡತಿಯನ್ನು ಬಿ ಗುಂಪಿಗೆ ಎಳೆದುಕೊಳ್ಳಬಹುದಿತ್ತು. ಆದರೆ ಬೆಳಿಗ್ಗೆ ಇಲ್ಲದ ಬಟನ್ನು ಸಂಜೆ ಹೇಗೆ ಮೊಳೆಯಿತು ಎಂದು ಅವಳು ಕೇಳದೆ ಬಿಡುವವಳಲ್ಲ. ಕೇಳುವಾಗ 'ಬಾಯಿ ಅಗಲಿಸಿ' ಅನ್ನುವ ಅಭ್ಯಾಸ ಬೇರೆ ಇದೆ. ಅಮ್ಮನಾದರೆ ಸುಮ್ಮನಾಗುತ್ತಾರೆ. (ಮಕ್ಕಳೆಲ್ಲ ಹಾಕುವ ಲೆಕ್ಕ ಇದೇ, ಅರ್ಧರಾಯರೊಬ್ಬರನ್ನು ದೂರಿ ಫಲವಿಲ್ಲ.) ಗಿರಾಕಿಗಳನ್ನು ಗುಂಪಿನಿಂದ ಗುಂಪಿಗೆ ಕೈಯಾರೆ ಸಾಗಿಸುವುದು ಅವರ ಕಸುಬಿನಲ್ಲಿ ಮಹಾಪಾಪ. ಅವರು ಒಮ್ಮೆ ಹಿಂದೆ ನೋಡಿದರು, ಒಮ್ಮೆ ಮುಂದೆ ನೋಡಿದರು, ಅಮ್ಮನನ್ನು ಎ ಗುಂಪಿಗೆ ದಾಟಿಸಿಬಿಟ್ಟರು.

ಸಂಜೆ ಅಮ್ಮ ಗೆದ್ದವರ ಗತ್ತಿನಲ್ಲಿ ಫೋನು ಹಿಡಿದು ಸೋಫಾದ ನಡುವೆ ಕೂತರು. ಆ್ಯಪ್ ತೆರೆದರು. ಮೇಲೆಳೆದರು, ಕೆಳಗೆಳೆದರು. ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದರು. ಮುಚ್ಚಿ ತೆರೆದರು. ಬಟನ್ನು ಇರಲಿಲ್ಲ.

ಜಗಳವಾಗುತ್ತದೆ, ಹೆಂಡತಿ ನಗುತ್ತಾಳೆ, ಅಮ್ಮ ಫೋನಿಗೆ ಬೈಯುತ್ತಾರೆ, ಅಲ್ಲಿಗೆ ಮುಗಿಯುತ್ತದೆ ಎಂದು ಅರ್ಧರಾಯರು ಅಂದುಕೊಂಡಿದ್ದರು. ಹಾಗಾಗಲಿಲ್ಲ. ಹೆಂಡತಿ ಅತ್ತೆಯ ಮುಖ ನೋಡಿದಳು, ದನಿ ತಗ್ಗಿಸಿದಳು. "ಹೋಗಲಿ ಬಿಡಿ ಅತ್ತೆ. ನನಗೂ ಒಂದೊಂದು ಸಲ ಹಾಗಾಗುತ್ತೆ," ಎಂದು ಅವರ ಭುಜ ಸವರಿದಳು.

ಅಷ್ಟೇ ಸಾಕಾಯಿತು. ಇಷ್ಟು ವರ್ಷದಲ್ಲಿ ಒಂದು ಮಾತಿಗೂ ಸೋಲೊಪ್ಪದ ಸೊಸೆ ಜಗಳ ನಿಲ್ಲಿಸಿ ಭುಜ ಸವರುತ್ತಾಳೆಂದರೆ ತಮಗೆ ಏನೋ ದೊಡ್ಡದೇ ಆಗಿರಬೇಕು ಎಂದು ಅಮ್ಮ ನಿರ್ಧರಿಸಿದರು. ಅವರು ಸದ್ದಿಲ್ಲದೆ ಎದ್ದು ಕೋಣೆಗೆ ಹೋದರು.

ಮರುದಿನದಿಂದ ಮನೆಯಲ್ಲಿ ಭಯಂಕರ ಶಾಂತಿ ನೆಲೆಸಿತು. ಸೊಸೆ "ಬಿಡಿ ಅತ್ತೆ, ನಾನು ಮಾಡ್ತೀನಿ" ಅನ್ನುತ್ತಾಳೆ, ಅತ್ತೆ "ಆಗಲಮ್ಮ" ಅನ್ನುತ್ತಾರೆ. ಅಮ್ಮ ಹಾಲಿನ ಪಾತ್ರೆ ಒಲೆಯ ಮೇಲಿಟ್ಟು ಅದರ ಮುಂದೆಯೇ ನಿಲ್ಲುತ್ತಾರೆ, ಮರೆತುಹೋದರೆ ಎಂಬ ಭಯಕ್ಕೆ. ಹಳೆಯ ಟೆಲಿಫೋನ್ ನಂಬರುಗಳನ್ನು ಒಬ್ಬರೇ ಗುನುಗುತ್ತಾರೆ. ಜಗಳವಿಲ್ಲದ ಮನೆ ಹೇಗಿರುತ್ತದೆ ಎಂದು ಅರ್ಧರಾಯರು ಜೀವಮಾನವಿಡೀ ಕನಸು ಕಂಡಿದ್ದರು. ಈಗ ಅದು ಕಣ್ಣೆದುರಿಗೇ ಇತ್ತು, ಅವರಿಗೆ ಒಂದು ತುತ್ತೂ ಇಳಿಯಲಿಲ್ಲ.

ತಪ್ಪನ್ನು ತಿದ್ದಬೇಕಲ್ಲ. ಅವರು ತಿಪ್ಪೆ ಸಾರಿಸುವ ದಾರಿಯನ್ನೇ ಹಿಡಿದರು. ಆಫೀಸಿಗೆ ಹೋಗಿ ಅಮ್ಮನನ್ನು ಮತ್ತೆ ಬಿ ಗುಂಪಿಗೆ ಸೇರಿಸಿ, ಮನೆಗೆ ಬಂದು ಏನೂ ತಿಳಿಯದವರಂತೆ ಕೇಳಿದರು.

"ಅಮ್ಮಾ, ಅವತ್ತು ಏನೋ ಬಟನ್ನು ಅಂದ್ಯಲ್ಲ, ಈಗೇನಾದ್ರೂ ಕಾಣ್ತಿದೆಯಾ?"

ಅಮ್ಮನ ಮುಖ ಬಿಳಿಚಿಕೊಂಡಿತು. "ಇಲ್ಲಪ್ಪ. ಏನೂ ಕಾಣ್ತಿಲ್ಲ," ಎಂದು ಫೋನನ್ನು ತಲೆದಿಂಬಿನ ಕೆಳಗೆ ತಳ್ಳಿದರು.

ಬಟನ್ನು ಕಂಡಿತ್ತು. ಕಂಡದ್ದಕ್ಕೇ ಅವರು ಹೆದರಿದ್ದರು. ಇದ್ದದ್ದು ಮಾಯವಾಗಿ, ಮಾಯವಾದದ್ದು ಮತ್ತೆ ಕಾಣುವುದು ತಲೆ ಕೆಟ್ಟವರಿಗೆ ಎಂದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಅದನ್ನು ಯಾರಿಗೂ ಹೇಳಬಾರದು ಎನ್ನುವುದೂ ಗೊತ್ತಿತ್ತು.

ಮಾರನೆಯ ಬೆಳಿಗ್ಗೆ ಅಮ್ಮ ಫೋನಿನಲ್ಲಿ ಮಾತಾಡುವುದು ಅರ್ಧರಾಯರ ಕಿವಿಗೆ ಬಿತ್ತು. ಆ ಕಡೆ ಇದ್ದವರು ಡ್ರೈವಿಂಗ್ ಮೇಷ್ಟ್ರು. ಅಮ್ಮ ಈ ವಯಸ್ಸಿನಲ್ಲಿ ಹಟ ಹಿಡಿದು ಕಾರು ಕಲಿಯುತ್ತಿದ್ದರು. ಊರಿನ ಆ ತುದಿಯಲ್ಲಿರುವ ತಮ್ಮ ಅಕ್ಕನ ಮನೆಗೆ ಯಾರನ್ನೂ ಬೇಡದೆ, ಯಾರ ಪುರಸೊತ್ತನ್ನೂ ಕಾಯದೆ ತಾವೇ ಹೋಗಿ ಬರಬೇಕು ಎಂಬುದು ಅವರ ಆಸೆ. ಲೈಸೆನ್ಸಿನ ಪರೀಕ್ಷೆ ಆ ಶನಿವಾರವೇ ಇತ್ತು.

"ಬೇಡ ಮೇಷ್ಟ್ರೇ. ನನ್ನ ಹೆಸರು ತೆಗೆಸಿಬಿಡಿ," ಅನ್ನುತ್ತಿದ್ದರು ಅಮ್ಮ. "ಇಲ್ಲದ ಬಟನ್ನು ಕಾಣೋಳಿಗೆ ಇರೋ ಲಾರಿ ಕಾಣದೆ ಹೋದರೆ ಏನು ಗತಿ?"

ತಾನು ಕದ್ದದ್ದು ಒಂದು ಕಿತ್ತಳೆ ಬಟನ್ನನ್ನಲ್ಲ, ಅಮ್ಮನಿಗೆ ತಮ್ಮ ಮೇಲೇ ಇದ್ದ ನಂಬಿಕೆಯನ್ನು ಎಂದು ಆಗ ಅರ್ಧರಾಯರಿಗೆ ಅರ್ಥವಾಯಿತು. ನಿಯಮ ಮಣ್ಣುಪಾಲಾಗಲಿ ಎಂದುಕೊಂಡು ಅವರು ಅಮ್ಮನನ್ನೂ ಹೆಂಡತಿಯನ್ನೂ ಊಟದ ಮೇಜಿಗೆ ಕರೆದು, ಎ ಗುಂಪು, ಬಿ ಗುಂಪು, ಯಂತ್ರದ ಚೀಟಿ, ತಮ್ಮ ಕಳ್ಳಕೆಲಸ ಎಲ್ಲವನ್ನೂ ಒಂದೇ ಉಸಿರಿನಲ್ಲಿ ಒಪ್ಪಿಸಿಬಿಟ್ಟರು. ಒಪ್ಪಿಸಿ, ಏಟಿಗೆ ತಲೆ ಬಗ್ಗಿಸಿದರು.

ಏಟು ಬೀಳಲಿಲ್ಲ. ಅಮ್ಮ ಅವರ ಕೆನ್ನೆ ತಟ್ಟಿದರು.

"ನನ್ನ ಸಮಾಧಾನಕ್ಕೆ ಇಷ್ಟೆಲ್ಲ ಕಟ್ಟಿ ಹೇಳ್ತಿದ್ದೀಯಲ್ಲಪ್ಪ. ನಿನ್ನ ಹೊಟ್ಟೆ ತಣ್ಣಗಿರಲಿ."

ಹೆಂಡತಿ ಅವರನ್ನು ಅಡುಗೆಮನೆಗೆ ಎಳೆದೊಯ್ದಳು. ಅವಳ ಕಣ್ಣು ಒದ್ದೆಯಾಗಿತ್ತು. "ಅತ್ತೆಗೋಸ್ಕರ ಸುಳ್ಳು ಹೇಳಿದ್ರಲ್ಲ, ನಿಮ್ಮ ಮನಸ್ಸು ದೊಡ್ಡದು ರೀ. ಆದರೆ ನಂಬೋ ಹಾಗಿರೋದು ಹೇಳಬಾರದಾ? ಅಷ್ಟು ದೊಡ್ಡ ಕಂಪನಿ ಅತ್ತೆ-ಸೊಸೆಗೆ ಬೇರೆ ಬೇರೆ ಬಟನ್ನು ತೋರಿಸುತ್ತೆ ಅಂದರೆ ಯಾರು ನಂಬ್ತಾರೆ?"

ಸತ್ಯ ಹೇಳಿ ಒಳ್ಳೆಯವನೆನಿಸಿಕೊಂಡು ಒದ್ದಾಡುವುದು ಅರ್ಧರಾಯರಿಗೆ ಹೊಸ ಅನುಭವ. ಉಳಿದದ್ದು ಒಂದೇ ದಾರಿ. ಅವರು ಆಫೀಸಿನ ಲ್ಯಾಪ್‌ಟಾಪ್ ತಂದು ಮೇಜಿನ ಮೇಲಿಟ್ಟರು, ಇಬ್ಬರ ಫೋನನ್ನೂ ಪಕ್ಕಪಕ್ಕ ಇಡಿಸಿದರು.

"ಅಮ್ಮಾ, ನಿನ್ನ ಫೋನಲ್ಲಿ ಬಟನ್ನು ಈಗ ಇದೆ. ಹೌದಾ ಅಲ್ವಾ, ನಿಜ ಹೇಳು."

ಅಮ್ಮ ಸೊಸೆಯನ್ನು ನೋಡಿದರು. ಸೊಸೆ ಬಗ್ಗಿ ಫೋನು ನೋಡಿದಳು, ಹಾಗೆಯೇ ನಿಂತಳು. "ಅಯ್ಯೋ! ಇದೆ ಅತ್ತೆ. ಕಿತ್ತಳೆ ಬಣ್ಣ."

"ನಿನಗೂ ಕಾಣುತ್ತಾ?" ಅಮ್ಮ ಸೊಸೆಯ ಕೈ ಹಿಡಿದುಕೊಂಡರು.

ಅರ್ಧರಾಯರು ಕೀಲಿ ಒತ್ತಿದರು. ಅಮ್ಮನ ಫೋನು ಮುಚ್ಚಿ ತೆರೆದಾಗ ಬಟನ್ನು ಮಾಯ. ಮತ್ತೆ ಒತ್ತಿದರು. ಬಟನ್ನು ಹಾಜರು.

"ಇನ್ನೊಂದು ಸಲ ಮಾಡು," ಎಂದರು ಅಮ್ಮ.

ಮಾಡಿದರು.

"ಈಗ ಅವಳ ಫೋನಿಗೆ ಮಾಡು."

ಮಾಡಿದರು.

"ಈಗ ನನಗೆ ತೆಗಿ. ಈಗ ಇಬ್ಬರಿಗೂ ಹಾಕು. ಹ್ಞಾಂ, ಈಗ ಇಬ್ಬರಿಗೂ ತೆಗಿ."

ಬಟನ್ನು ಬಂದು ಬಂದು ಹೋಯಿತು. ಅಮ್ಮನ ಮುಖದಲ್ಲಿ ರಕ್ತ ಮರಳಿತು, ಬೆನ್ನು ನೆಟ್ಟಗಾಯಿತು, ಕಣ್ಣಿನಿಂದ ನೀರು ಇಳಿಯಿತು. ತಲೆ ಸರಿಯಾಗಿಯೇ ಇದೆ ಎಂದು ತಿಳಿದ ಸಂತೋಷ ಅದು. ಸಂತೋಷ ಮುಗಿದ ಮೇಲೆ ಅವರು ಮಗನ ಕಡೆ ತಿರುಗಿದರು.

ಮುಂದಿನ ಅರ್ಧ ಗಂಟೆಯನ್ನು ವಿವರಿಸದಿರುವುದೇ ಮರ್ಯಾದೆ. ಇಷ್ಟು ಹೇಳಬಹುದು: ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೂಗಿ ಕೂಗಿ ಪಳಗಿದ ಗಂಟಲು ಮೊದಲು ಮಾತಾಡಿತು, ಅದು ದಣಿದಾಗ ಹಲ್ಲಿನ ಡಾಕ್ಟರು ಮುಂದುವರಿಸಿದರು. ಅತ್ತೆ-ಸೊಸೆ ಒಬ್ಬರ ಮಾತನ್ನೊಬ್ಬರು ಪೂರ್ತಿ ಮಾಡುವಷ್ಟು ಒಂದಾದರು. ಕೊನೆಗೆ ಅಮ್ಮ ಫೋನೆತ್ತಿ, "ಮೇಷ್ಟ್ರೇ, ಹೆಸರು ತೆಗೆಸಬೇಡಿ. ಬರ್ತೀನಿ," ಎಂದರು. ಆ ಮಾತು ಕೇಳಿ ಅರ್ಧರಾಯರು ತಿಂದ ಬೈಗುಳವನ್ನೆಲ್ಲ ಸಂತೋಷವಾಗಿ ಜೀರ್ಣಿಸಿಕೊಂಡರು.

ಶನಿವಾರ ಅಮ್ಮ ಪರೀಕ್ಷೆಯಲ್ಲಿ ಪಾಸಾದರು. ಪರೀಕ್ಷೆ ಮಾಡಿದ ಅಧಿಕಾರಿ, ಕಾರು ಹಿಂದಕ್ಕೆ ತೆಗೆಯುವಾಗ ಇಷ್ಟು ತಾಳ್ಮೆ ತೋರಿಸಿದವರನ್ನು ತಾನು ಕಂಡಿಲ್ಲ ಎಂದರಂತೆ.

ಸೋಮವಾರ ಮಾತ್ರ ಆಫೀಸಿನ ದೊಡ್ಡ ಮೇಡಂ ಅರ್ಧರಾಯರನ್ನು ಕರೆಸಿದರು. "ಪ್ರಯೋಗ ಚೆನ್ನಾಗಿ ನಡೆದಿದೆ. ಬಟನ್ನು ಜನಕ್ಕೆ ಇಷ್ಟವಾಗಿದೆ, ಎಲ್ಲರಿಗೂ ಕೊಡೋಣ," ಎಂದರು. ಅರ್ಧರಾಯರ ಎದೆ ಉಬ್ಬುವಷ್ಟರಲ್ಲಿ ಮುಂದಿನ ಮಾತು ಬಂತು. "ಆದರೆ ಇಬ್ಬರು ಗಿರಾಕಿಗಳು ಒಂದೇ ಬೆಳಿಗ್ಗೆ ಆ ಗುಂಪಿನಿಂದ ಈ ಗುಂಪಿಗೆ, ಈ ಗುಂಪಿನಿಂದ ಆ ಗುಂಪಿಗೆ ಕಪ್ಪೆ ಥರ ನೆಗೆದಿದಾರೆ. ಯಾರವರು?"

"ನಮ್ಮಮ್ಮ, ನನ್ನ ಹೆಂಡತಿ," ಎಂದರು ಅರ್ಧರಾಯರು, ನೆಲ ನೋಡುತ್ತಾ. ನಡೆದದ್ದನ್ನೆಲ್ಲ ಇನ್ನೊಮ್ಮೆ ಒಪ್ಪಿಸಿದರು. ಮೇಡಂ ನಗಲಿಲ್ಲ, ಬೈಯಲೂ ಇಲ್ಲ. "ಅವರನ್ನ ಒಂದು ಸಲ ಕರ್ಕೊಂಡು ಬನ್ನಿ," ಎಂದರು.

ಕರೆದುಕೊಂಡು ಬರುವ ಭಾಗ್ಯ ಅರ್ಧರಾಯರಿಗೆ ಸಿಗಲಿಲ್ಲ. ಅಮ್ಮ ತಾವೇ ಕಾರು ಓಡಿಸಿಕೊಂಡು ಬಂದರು, ಪಕ್ಕದ ಸೀಟಿನಲ್ಲಿ ಕ್ಲಿನಿಕ್ಕಿಗೆ ರಜ ಹಾಕಿದ ಸೊಸೆ. ಇಬ್ಬರೂ ಗಾಜಿನ ಕೋಣೆಯಲ್ಲಿ ಮೇಡಂ ಎದುರು ಕೂತರು. ಅರ್ಧರಾಯರು ಕುರ್ಚಿ ಸಾಲದೆ ಗೋಡೆಗೆ ಒರಗಿ ನಿಂತರು.

"ನೋಡಮ್ಮ," ಎಂದರು ಅಮ್ಮ ಮೇಡಂಗೆ, "ಹೊಸದು ಮಾಡಬೇಕು ಅಂದರೆ ಪರೀಕ್ಷೆ ಮಾಡಿ ನೋಡಲೇಬೇಕು, ಅದರಲ್ಲಿ ತಪ್ಪಿಲ್ಲ. ಆದರೆ ಒಂದೇ ಸೂರಿನ ಕೆಳಗೆ ಒಬ್ಬರಿಗೆ ತೋರಿಸಿ ಇನ್ನೊಬ್ಬರಿಗೆ ಬಚ್ಚಿಡಬಾರದು. ಇಡೀ ಮನೇನ ಒಂದು ಗುಂಪಿಗೆ ಹಾಕಿ. ಆಮೇಲೆ, ಕೊಟ್ಟದ್ದನ್ನ ಹೇಳದೆ ಕಿತ್ಕೋಬೇಡಿ. ನಮ್ಮಂಥೋರು ಯಂತ್ರ ಕೆಟ್ಟಿದೆ ಅಂದ್ಕೊಳ್ಳಲ್ಲ, ನಾವೇ ಕೆಟ್ಟಿದೀವಿ ಅಂದ್ಕೋತೀವಿ."

ತಮ್ಮ ತಾಯಿಯೂ ಇತ್ತೀಚೆಗೆ ಫೋನು ಮುಟ್ಟುವುದನ್ನೇ ಬಿಟ್ಟಿದ್ದಾರೆ ಎಂದು ಮೇಡಂ ಮೆಲ್ಲಗೆ ಹೇಳಿದರು. ಆ ಸಂಜೆಯಿಂದಲೇ ಮನೆಗೊಂದು ಗುಂಪು ಎಂಬ ಹೊಸ ನಿಯಮ ಜಾರಿಗೆ ಬಂತು. ಮುಂದಿನ ಪ್ರಯೋಗಗಳನ್ನು ಹೊರಗೆ ಬಿಡುವ ಮೊದಲು ಅಮ್ಮನಂಥ ಹಿರಿಯರನ್ನು ಕರೆಸಿ ತೋರಿಸುವುದೆಂದೂ, ಮೊದಲ ಹಿರಿಯರು ಅಮ್ಮನೇ ಎಂದೂ ತೀರ್ಮಾನವಾಯಿತು. ಅರ್ಧರಾಯರ ಬಗ್ಗೆಯೂ ಒಂದು ತೀರ್ಮಾನವಾಯಿತು. ಗುಂಪು ಬದಲಿಸುವ ಕೀಲಿ ಅವರ ಕೈಯಿಂದ ಹೋಯಿತು. ಸ್ವಲ್ಪ ಕಾಲ ಗಿರಾಕಿಗಳ ದೂರು ಕೇಳುವ ಫೋನಿನ ಮುಂದೆ ಕೂತು, 'ನನಗ್ಯಾಕೆ ಕಾಣ್ತಿಲ್ಲ' ಎನ್ನುವ ಎಲ್ಲ ಅಮ್ಮಂದಿರಿಗೂ ಸಮಾಧಾನ ಹೇಳುವ ಕೆಲಸ ಅವರ ಪಾಲಿಗೆ ಬಂತು.

ಅಮ್ಮ ಅಲ್ಲಿಂದ ಹೊರಟದ್ದು ಅಕ್ಕನ ಮನೆಗೆ, ಮೇಡಂ ಮನೆಯೂ ಅದೇ ದಾರಿಯಲ್ಲೇ ಎಂದು ಗೊತ್ತಾಯಿತು. "ಬಾರಮ್ಮ, ಬಿಟ್ಟು ಹೋಗ್ತೀನಿ," ಎಂದು ಅಮ್ಮ ಅವರನ್ನು ಮುಂದಿನ ಸೀಟಿಗೆ ಹತ್ತಿಸಿಕೊಂಡರು. ಸೊಸೆ ಹಿಂದೆ ಹೋದಳು. ಅರ್ಧರಾಯರು ಅವಳ ಪಕ್ಕದ ಬಾಗಿಲಿಗೆ ಕೈ ಹಾಕಿದರು.

"ನೀನು ಬೇಡ ಕಣೋ," ಎಂದರು ಅಮ್ಮ, ಕನ್ನಡಿ ಸರಿಪಡಿಸಿಕೊಳ್ಳುತ್ತಾ. "ಗಾಬರಿ ಬೀಳೋರನ್ನ ಗಾಡೀಲಿ ಕೂರಿಸಬೇಡಿ ಅಂತ ಮೇಷ್ಟ್ರು ಹೇಳಿದಾರೆ. ಬಸ್ಸಲ್ಲಿ ಬಾ."

ಕಾರು ಮೆಲ್ಲಗೆ ಗೇಟಿನವರೆಗೆ ಹೋಗಿ ನಿಂತಿತು. ಅಮ್ಮ ಬಲಕ್ಕೆ ನೋಡಿದರು, ಎಡಕ್ಕೆ ನೋಡಿದರು, ಮತ್ತೊಮ್ಮೆ ಬಲಕ್ಕೆ ನೋಡಿದರು. ದೂರದಿಂದ ಬರುತ್ತಿದ್ದ ಲಾರಿ ಅವರಿಗೆ ಸ್ಪಷ್ಟವಾಗಿ ಕಂಡಿತು, ಅದು ದಾಟುವವರೆಗೂ ಕಾದರು. ಎದುರಿನ ಬಸ್ ಸ್ಟಾಪಿನಲ್ಲಿ ನಿಂತು ಕೈ ಬೀಸುತ್ತಿದ್ದ ಮಗ ಮಾತ್ರ ಅವರ ಕಣ್ಣಿಗೆ ಬೀಳಲೇ ಇಲ್ಲ.